ನನಗಿಷ್ಟವಾದದ್ದನ್ನು ಇನ್ನೊಬ್ಬರಿಗೆ ತೋರಿಸುವ ಬಗೆ

ಮನಸ್ಸಿಗೆ ಹಿಡಿಸಿದ ಚಿತ್ರವೋ ಪೋಸ್ಟರೋ ಸಿನಿಮಾವೋ ಸಿಕ್ಕರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ಯಾರಿಗಾದರೂ ತೋರಿಸಲೇಬೇಕು. ಡಿಸೈನ್ ನನ್ನ ಹೊಟ್ಟೆಪಾಡಿನ ಕೆಲಸ, ಆದರೆ ಈ ತೋರಿಸುವ ಹಂಬಲ ಆ ಕೆಲಸಕ್ಕಿಂತ ಹಳೆಯದು. ಗೆಳೆಯರಿಗೆ, ನೆಂಟರ ಮಕ್ಕಳಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ತೋರಿಸುತ್ತಲೇ ಬಂದಿದ್ದೇನೆ. ಈಗ ಆಗಾಗ ಕೆಲವರು ಸೇರಿ ಕೂರುತ್ತೇವೆ. ಒಂದು ಸಲಕ್ಕೆ ಒಂದೇ ಕೃತಿ. ಹೀಗೆ ಮಾಡುತ್ತಾ ಮಾಡುತ್ತಾ ನನಗೆ ಒಂದು ವಿಷಯ ಖಾತ್ರಿಯಾಗಿದೆ. "ತುಂಬಾ ಚೆನ್ನಾಗಿದೆ, ನೋಡಿ" ಎಂದರೆ ಜನ ತಲೆಯಾಡಿಸಿ ಮುಂದೆ ಹೋಗುತ್ತಾರೆ. "ಈ ಮೂಲೆಯಲ್ಲಿ ನೋಡಿ" ಎಂದರೆ ಬಗ್ಗಿ ನೋಡುತ್ತಾರೆ. ನನ್ನ ಖುಷಿಯನ್ನು ನಾನು ಎಷ್ಟು ವರ್ಣಿಸಿದರೂ ಅದು ಅವರಿಗೆ ದಾಟುವುದಿಲ್ಲ. ಅದು ಹುಟ್ಟಿದ ಜಾಗವನ್ನು ತೋರಿಸಿದರೆ ದಾಟುತ್ತದೆ.

ಹೊಸಬರು ಬಂದರೆ ನಾನು ಜಪಾನಿನ ಚಿತ್ರಕಾರ ಹೊಕುಸಾಯ್‌ನ ದೊಡ್ಡ ಅಲೆಯಿಂದ ಶುರು ಮಾಡುತ್ತೇನೆ. ಎಲ್ಲರಿಗೂ ಗೊತ್ತಿರುವ ಚಿತ್ರ ಅಲ್ವಾ? ಟೀ ಶರ್ಟಿನ ಮೇಲಿದೆ, ಮೊಬೈಲ್ ಕವರಿನ ಮೇಲಿದೆ. ಅಷ್ಟು ಸಲ ಕಣ್ಣಿಗೆ ಬಿದ್ದಿರುವುದರಿಂದಲೇ ಯಾರೂ ಅದನ್ನು ಸರಿಯಾಗಿ ನೋಡಿರುವುದಿಲ್ಲ. ಮೊದಲು ಚಿತ್ರವನ್ನು ತೋರಿಸದೆ, "ಅದರಲ್ಲಿ ಏನೇನಿದೆ, ನೆನಪಿನಿಂದ ಹೇಳಿ" ಎನ್ನುತ್ತೇನೆ. ಅಲೆ ಎನ್ನುತ್ತಾರೆ. ಕೆಲವರು ಬೆಟ್ಟ ಎನ್ನುತ್ತಾರೆ. ಮನುಷ್ಯರಿದ್ದಾರೆ ಎನ್ನುವವರು ಕಡಿಮೆ. ಆಮೇಲೆ ಚಿತ್ರ ಮುಂದಿಡುತ್ತೇನೆ. ಅಲೆಯ ಕೆಳಗೆ ಮೂರು ದೋಣಿಗಳಿವೆ. ಹುಟ್ಟು ಹಾಕುವವರು ಸಾಲಾಗಿ ತಲೆ ತಗ್ಗಿಸಿ, ದೋಣಿಗೆ ಅಂಟಿಕೊಂಡು ಕೂತಿದ್ದಾರೆ. ಅವರನ್ನು ಒಮ್ಮೆ ಕಂಡಮೇಲೆ ಈ ಚಿತ್ರ ಬೇರೆಯೇ ಆಗುತ್ತದೆ. ಅಲೆ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ, ಅದು ಇವರ ಮೇಲೆ ಬೀಳಲಿದೆ.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಇದು ಕಷ್ಟ, ಆದರೆ ಮಾಡಲೇಬೇಕು. ಗೊತ್ತಿರುವುದನ್ನೆಲ್ಲ ಸುರಿಯುವ ಆಸೆ ಬರುತ್ತದೆ. ನಾನು ಸುಮ್ಮನಿದ್ದರೆ ಅವರೇ ಏನಾದರೂ ಹುಡುಕುತ್ತಾರೆ. ಮುಂದೆ ಏಳುತ್ತಿರುವ ಚಿಕ್ಕ ಅಲೆ ದೂರದ ಫ್ಯೂಜಿ ಬೆಟ್ಟದ ಆಕಾರದಲ್ಲೇ ಇದೆ ಎಂದು ಒಮ್ಮೆ ಒಬ್ಬ ಹುಡುಗಿ ಬೆರಳಿಟ್ಟು ತೋರಿಸಿದಳು. ನಾನು ಹೇಳಿದ್ದರೆ ಅದು ನನ್ನ ಪಾಠವಾಗುತ್ತಿತ್ತು. ಅವಳೇ ಕಂಡದ್ದರಿಂದ ಆ ಚಿತ್ರ ಅವಳದಾಯಿತು.

ಅವರು ನೋಡಿ ಮುಗಿಸಿದ ಮೇಲೆ ಸ್ವಲ್ಪ ವಿವರ ಕೊಡುತ್ತೇನೆ. ಇದು ಸುಮಾರು 1831ರಲ್ಲಿ ಬಂದ, ಮರದ ಅಚ್ಚಿನಿಂದ ಮುದ್ರಿಸಿದ ಚಿತ್ರ. ಹೊಕುಸಾಯ್‌ಗೆ ಆಗ 70ರ ಆಸುಪಾಸು. ಆ ಗಾಢ ನೀಲಿ ಪ್ರಷ್ಯನ್ ನೀಲಿ. ಅದು 18ನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಬಣ್ಣ. ಜಪಾನಿನದೇ ಗುರುತಾಗಿಹೋದ ಈ ಚಿತ್ರದ ನೀಲಿ ಹೊರಗಿನಿಂದ ಬಂದದ್ದು ಎಂದು ಕೇಳಿದರೆ ಎಲ್ಲರೂ ಮತ್ತೆ ಚಿತ್ರದ ಕಡೆ ತಿರುಗುತ್ತಾರೆ. ಹಾಗೆ ತಿರುಗಿ ನೋಡುವಂತೆ ಮಾಡುವ ವಿವರವನ್ನು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ. ಮಿಕ್ಕಿದ್ದು ಎಷ್ಟೇ ರುಚಿಯಾಗಿದ್ದರೂ ಬಿಡುತ್ತೇನೆ.

ಎರಡು ಸಣ್ಣ ಉಪಾಯಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು, ಅಳತೆ. ಮೂಲ ಮುದ್ರಣ ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲ. ಆ ಅಳತೆಗೆ ರಟ್ಟು ಕತ್ತರಿಸಿ ಕೈಗೆ ಕೊಡುತ್ತೇನೆ. ಗೋಡೆ ತುಂಬುವ ಚಿತ್ರ ಎಂದುಕೊಂಡಿದ್ದವರಿಗೆ ಅದು ಮಡಿಲಲ್ಲಿ ಇಟ್ಟುಕೊಂಡು ನೋಡುವ ಕಾಗದ ಎಂದು ಆಗ ತಿಳಿಯುತ್ತದೆ. ಇನ್ನೊಂದು, ಫೋನಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸುವುದು. ಜಪಾನಿ ಬರಹದ ಸಾಲುಗಳು ಹಳೆಯ ಕ್ರಮದಲ್ಲಿ ಬಲದಿಂದ ಎಡಕ್ಕೆ ಸಾಗುತ್ತವೆ. ಅಲ್ಲಿನವರ ಕಣ್ಣು ಚಿತ್ರದಲ್ಲೂ ಬಲದಿಂದಲೇ ಹೊರಡುತ್ತಿತ್ತೇನೋ. ನಮ್ಮ ಕಣ್ಣು ಎಡದಿಂದ ಹೊರಡುತ್ತದೆ, ಅಲೆಯ ಜೊತೆಗೇ ಸಾಗುತ್ತದೆ. ತಿರುಗಿಸಿದರೆ ದೋಣಿಯವರ ಜೊತೆ ಹೊರಟು ಅಲೆಗೆ ಎದುರಾಗುತ್ತೇವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಎದೆ ಝಲ್ಲೆನ್ನುತ್ತದೆ.

ಡಿಸೈನ್ ತೋರಿಸುವುದು ಚಿತ್ರ ತೋರಿಸಿದಷ್ಟು ಸುಲಭ ಅಲ್ಲ. ಚೆನ್ನಾಗಿ ಮಾಡಿದ ಡಿಸೈನು ಬಳಸುವಾಗ ಕಾಣುವುದೇ ಇಲ್ಲ. ಲೆಕ್ಕಪತ್ರದ ಕೆಲಸ ಮಾಡುವ ಗೆಳತಿಯೊಬ್ಬಳು "ನಕ್ಷೆಯಲ್ಲಿ ಇಷ್ಟಪಡೋಕೆ ಏನಿದೆ?" ಎಂದು ನಿಜವಾಗಿಯೇ ಕೇಳಿದಳು. ನಾನು ಲಂಡನ್ನಿನ ನೆಲದಡಿಯ ರೈಲಾದ ಅಂಡರ್‌ಗ್ರೌಂಡಿನ ಎರಡು ನಕ್ಷೆಗಳನ್ನು ಅವಳ ಮುಂದಿಟ್ಟೆ. ಒಂದರಲ್ಲಿ ರೈಲು ಮಾರ್ಗಗಳು ಊರಿನಲ್ಲಿ ಇರುವ ಹಾಗೇ ಅಂಕುಡೊಂಕಾಗಿದ್ದವು. ಇನ್ನೊಂದು ಹ್ಯಾರಿ ಬೆಕ್ 1931ರಲ್ಲಿ ಬರೆದ ನಕ್ಷೆ. ಅದರಲ್ಲಿ ಗೆರೆಗಳು ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ. "ಇಲ್ಲಿಂದ ಅಲ್ಲಿಗೆ ಹೋಗು" ಎಂದು ಎರಡು ನಿಲ್ದಾಣಗಳ ಹೆಸರು ಹೇಳಿದೆ. ಮೊದಲ ನಕ್ಷೆಯಲ್ಲಿ ಅವಳ ಬೆರಳು ಅಲ್ಲಲ್ಲಿ ತಡವರಿಸಿತು. ಎರಡನೆಯದರಲ್ಲಿ ಸರ್ರನೆ ಹೋಯಿತು. "ಅರೆ!" ಎಂದಳು. ನಾನು ವಿವರಿಸಲು ಅಲ್ಲಿ ಏನೂ ಉಳಿದಿರಲಿಲ್ಲ.

ಆಮೇಲೆ ಅವಳೇ ಕೇಳಿದಳು, ಇದು ಹೇಗೆ ಹೊಳೆಯಿತು ಎಂದು. ಬೆಕ್ ಅಂಡರ್‌ಗ್ರೌಂಡಿನ ಸಿಗ್ನಲ್ ವಿಭಾಗದಲ್ಲಿ ತಾಂತ್ರಿಕ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದವನು. ನೆಲದಡಿ ಹೋಗುವವನಿಗೆ ಮೇಲಿನ ರಸ್ತೆ ಯಾವ ಕಡೆ ತಿರುಗಿದರೇನು? ಎಷ್ಟನೇ ನಿಲ್ದಾಣ, ಎಲ್ಲಿ ರೈಲು ಬದಲಿಸಬೇಕು, ಅಷ್ಟು ಸಾಕು. ಮೇಲಿನ ಊರಿನಲ್ಲಿ ಅವನು ಉಳಿಸಿಕೊಂಡದ್ದು ಥೇಮ್ಸ್ ನದಿಯೊಂದನ್ನೇ. ಮೊದಲು ಇದನ್ನು ಬೇಡ ಎಂದು ವಾಪಸ್ ಕಳಿಸಿದ್ದರು. ಕೊನೆಗೆ 1933ರಲ್ಲಿ ಅಚ್ಚಾಗಿ ಜನರ ಕೈಗೆ ಬಂತು. ಒಬ್ಬ ಮನುಷ್ಯ ಏನನ್ನು ಬಿಟ್ಟ ಎನ್ನುವುದರಲ್ಲಿ ಇಷ್ಟು ಸೊಗಸಿರುತ್ತದೆ ಎಂದು ನನಗೆ ಮನವರಿಕೆ ಮಾಡಿದ್ದು ಈ ನಕ್ಷೆ.

ಮಕ್ಕಳಿದ್ದರೆ ನಕ್ಷೆ ಬೇಡ, ಚೌಕುಳಿ ಹಾಳೆ ಕೊಡುತ್ತೇನೆ. ಅಡ್ಡ 32, ಉದ್ದ 32 ಚೌಕ. ಒಟ್ಟು 1,024. ಪ್ರತಿ ಚೌಕಕ್ಕೂ ಕಪ್ಪು ತುಂಬಬೇಕು, ಇಲ್ಲವೇ ಹಾಗೇ ಬಿಡಬೇಕು, ಅಷ್ಟೇ ನಿಯಮ. 1984ರ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಸೂಸನ್ ಕೇರ್ ಐಕಾನ್‌ಗಳನ್ನು ಮಾಡಿದ್ದು ಇಂಥ ಹಾಳೆಯ ಮೇಲೇ. "ಕಾಯುತ್ತಿರು" ಎನ್ನುವುದನ್ನು ಇದರಲ್ಲಿ ಬರೆಯಿರಿ ಎಂದರೆ ಮಕ್ಕಳು ಪೆನ್ಸಿಲ್ ಕಚ್ಚಿಕೊಂಡು ಯೋಚಿಸುತ್ತಾರೆ. ಆಮೇಲೆ ಸೂಸನ್ ಕೇರ್ ಬರೆದ ಕೈಗಡಿಯಾರ ತೋರಿಸಿದರೆ ಅವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಹತ್ತು ನಿಮಿಷ ತಾವೇ ಒದ್ದಾಡಿದ್ದರಿಂದ ಅವರ ಕಣ್ಣು ಚುರುಕಾಗಿರುತ್ತದೆ. ದೊಡ್ಡವರಿಗೂ ಇದು ಅಷ್ಟೇ ಕೆಲಸ ಮಾಡುತ್ತದೆ.

ಇನ್ನು ಸಿನಿಮಾ. ನನಗೆ ಎಲ್ಲಕ್ಕಿಂತ ಜಾಸ್ತಿ ಪ್ರೀತಿ ಇದರ ಮೇಲೆ. ಪೂರ್ತಿ ಸಿನಿಮಾ ನೋಡಿ ಎಂದು ಹೇಳಿ ಕಳಿಸಿದರೆ ಹತ್ತರಲ್ಲಿ ಒಬ್ಬರು ನೋಡಿದರೆ ದೊಡ್ಡದು. ಹಾಗಾಗಿ ಒಂದು ದೃಶ್ಯ ಆರಿಸುತ್ತೇನೆ. ಸತ್ಯಜಿತ್ ರೇ ಅವರ 1955ರ ಪಥೇರ್ ಪಾಂಚಾಲಿಯಲ್ಲಿ ಮಕ್ಕಳು ರೈಲು ನೋಡಲು ಓಡುವ ದೃಶ್ಯ ನನ್ನ ಪ್ರಾಣ. ಬೆಳ್ಳಗೆ ಅರಳಿದ ಕಾಶ್ ಹುಲ್ಲಿನ ಬಯಲು. ಅಕ್ಕ ದುರ್ಗಾ, ತಮ್ಮ ಅಪು. ತಂತಿ ಕಂಬಕ್ಕೆ ಕಿವಿ ಕೊಟ್ಟು ಗುಂಯ್‌ಗುಡುವ ಸದ್ದು ಕೇಳುತ್ತಾರೆ. ದೂರದಲ್ಲಿ ಬಿಳಿ ಹೂವಿನ ಮೇಲೆ ಕಪ್ಪು ಹೊಗೆ ಕಾಣುತ್ತದೆ. ಇಬ್ಬರೂ ಓಡುತ್ತಾರೆ.

ದೃಶ್ಯ ಮುಗಿದಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: "ರೈಲನ್ನು ಹತ್ತಿರದಿಂದ ನೋಡಿದವರು ಯಾರು?" ಇಬ್ಬರೂ ಎನ್ನುತ್ತಾರೆ. ಮತ್ತೆ ಹಾಕುತ್ತೇನೆ. ಒಮ್ಮೆ ಜೊತೆಯಲ್ಲಿ ಕೂತಿದ್ದ ನಮ್ಮ ಚಿಕ್ಕಪ್ಪ ಎರಡನೇ ಸಲ ನೋಡುವಾಗ ತಟ್ಟನೆ ನೆಟ್ಟಗೆ ಕೂತರು. "ಆ ಹುಡುಗಿ ಬಿದ್ದುಬಿಡ್ತಲ್ಲೋ, ಪಾಪ" ಎಂದರು. ಹೌದು, ದುರ್ಗಾ ಎಡವಿ ಬೀಳುತ್ತಾಳೆ. ಹಳಿಯ ಹತ್ತಿರ ಮುಟ್ಟುವುದು ಅಪು ಮಾತ್ರ. ಆ ಹೊತ್ತಿಗೆ ಕ್ಯಾಮೆರಾ ಹಳಿಯ ಆಚೆಗೆ ಹೋಗಿ, ಉರುಳುವ ಗಾಲಿಗಳ ಸಂದಿಯಿಂದ ಅವನನ್ನು ತೋರಿಸುತ್ತದೆ. ಮುಂದೆ ಕಥೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಚಿಕ್ಕಪ್ಪ ಅವತ್ತೇ ಪೂರ್ತಿ ನೋಡಿದರು.

ಈ ದೃಶ್ಯದ ಹಿಂದಿನ ಸಂಗತಿಯನ್ನೂ ಹೇಳುತ್ತೇನೆ. ರೇ ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಾರರಾಗಿದ್ದವರು. ಇದೇ ಕಥೆಯ ಮಕ್ಕಳ ಆವೃತ್ತಿಗೆ ಚಿತ್ರ ಬರೆದುಕೊಟ್ಟಿದ್ದರು, ಸಿನಿಮಾದ ಆಸೆ ಅಲ್ಲಿ ಮೊಳೆತದ್ದು. 1952ರ ಅಕ್ಟೋಬರಿನಲ್ಲಿ ಮೊದಲು ಚಿತ್ರೀಕರಿಸಲು ಹೊರಟದ್ದೂ ಈ ಕಾಶ್ ಹೂವಿನ ಭಾಗವನ್ನೇ. ಒಂದು ದಿನ ಕೆಲಸ ಮಾಡಿ, ಮುಂದಿನ ವಾರ ಬಂದು ನೋಡಿದರೆ ದನಗಳು ಹೂವನ್ನೆಲ್ಲ ಮೇಯ್ದುಬಿಟ್ಟಿದ್ದವು. ಮತ್ತೆ ಹೂ ಬಿಡುವ ಕಾಲ ಬರುವತನಕ ಕಾಯಬೇಕಾಯಿತು. ಇದನ್ನು ಕೇಳಿದಮೇಲೆ ಪರದೆಯ ಮೇಲೆ ಅಲುಗುವ ಒಂದೊಂದು ಹೂವನ್ನೂ ಜನ ಬೇರೆ ಕಣ್ಣಿನಿಂದ ನೋಡುತ್ತಾರೆ.

ಸಿನಿಮಾದಲ್ಲಿ ಸದ್ದನ್ನು ಬೇರೆ ಮಾಡಿ ತೋರಿಸುವುದೂ ನನಗೆ ಇಷ್ಟ. ಹಿಚ್‌ಕಾಕ್‌ನ 1960ರ ಸೈಕೋ ಸಿನಿಮಾದ ಸ್ನಾನದ ಮನೆಯ ದೃಶ್ಯವನ್ನು ಮೊದಲು ಸೌಂಡ್ ಪೂರ್ತಿ ಇಳಿಸಿ ನೋಡುತ್ತೇವೆ, ಆಮೇಲೆ ಏರಿಸಿ. ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂದು ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದ. ಸಂಗೀತ ಮಾಡಿದ ಬರ್ನಾರ್ಡ್ ಹೆರ್ಮನ್ ಬರೀ ತಂತಿವಾದ್ಯಗಳಲ್ಲಿ ಅದನ್ನು ಮಾಡಿ ಕೇಳಿಸಿದ ಮೇಲೆ ಮನಸ್ಸು ಬದಲಿಸಿದ. ಎರಡೂ ಬಗೆಯಲ್ಲಿ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಇದು ಹೆದರಿಕೆಯ ದೃಶ್ಯ, ಹಾಗಾಗಿ ಮಕ್ಕಳಿದ್ದಾಗ ಹಾಕುವುದಿಲ್ಲ. ದೊಡ್ಡವರಿಗೂ ಮೊದಲೇ ಹೇಳಿ, ಬೇಡ ಅಂದವರನ್ನು ಒತ್ತಾಯಿಸದೆ ಹಾಕುತ್ತೇನೆ.

ದೂರದಲ್ಲಿರುವವರಿಗೆ ಬರೆದು ಕಳಿಸುವಾಗಲೂ ಇದೇ ಕ್ರಮ. ಒಂದೇ ಲಿಂಕು, ಜೊತೆಗೆ ಎರಡೇ ಸಾಲು: ಎಷ್ಟನೇ ನಿಮಿಷದಲ್ಲಿ ನೋಡಬೇಕು, ಏನನ್ನು ಗಮನಿಸಬೇಕು. ಒಟ್ಟಿಗೆ ಹತ್ತು ಕಳಿಸಿದರೆ ಒಂದನ್ನೂ ತೆರೆಯುವುದಿಲ್ಲ. ಮಾಡಿದವರ ಹೆಸರನ್ನು ತಪ್ಪದೆ ಹಾಕುತ್ತೇನೆ. ಪೋಸ್ಟರ್, ಅಕ್ಷರ, ಸಿನಿಮಾದ ಟೈಟಲ್ ಮಾಡಿದವರ ಹೆಸರುಗಳು ಕೈಯಿಂದ ಕೈಗೆ ಹೋಗುವಾಗ ಬಿದ್ದುಹೋಗುತ್ತವೆ. ಹುಡುಕಲು ಒಂದು ಸಂಜೆ ಹೋದರೂ ಪರವಾಗಿಲ್ಲ. ಹೆಸರು ಸಿಕ್ಕರೆ ಅದೇ ಕೈಯಿಂದ ಬಂದ ಬೇರೆ ಕೆಲಸಗಳೂ ಸಿಗುತ್ತವೆ. ನನಗೆ ಸಿಕ್ಕಿರುವ ಒಳ್ಳೆಯ ಕೃತಿಗಳಲ್ಲಿ ಅರ್ಧದಷ್ಟು ಹೀಗೆ ಬಂದವೇ.

ಯಾರಾದರೂ "ನನಗೆ ಇಷ್ಟವಾಗಲಿಲ್ಲ" ಎಂದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಎಲ್ಲಿ ಇಷ್ಟವಾಗಲಿಲ್ಲ, ಬೆರಳಿಟ್ಟು ತೋರಿಸಿ ಎನ್ನುತ್ತೇನೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ದೊಡ್ಡ ಅಲೆಯ ಚಿತ್ರ ಈಗಲೂ ಹಿಡಿಸುವುದಿಲ್ಲ. ನೊರೆಯನ್ನು ಉಗುರಿನ ಹಾಗೆ ಬರೆದಿರುವುದು ಜಾಸ್ತಿಯಾಯಿತು, ನೀರಿನ ಮೆದುತನವೇ ಹೋಯಿತು ಎನ್ನುತ್ತಾರೆ. ಅವರು ಅಷ್ಟು ಹತ್ತಿರದಿಂದ ನೋಡಿದ್ದಾರಲ್ಲ! ನೀರನ್ನು ತಮಗೆ ಹಿಡಿಸುವಂತೆ ಬರೆದವರು ಯಾರು ಎಂದು ಹುಡುಕಿ ತರುತ್ತೇನೆ ಎಂದಿದ್ದಾರೆ. ಮುಂದಿನ ಸಲ ತೋರಿಸುವ ಸರದಿ ಅವರದು.