ಮೋಸೆಲ್ ರೀಸ್ಲಿಂಗ್ ಕಾಬಿನೆಟ್: ಹುದುಗು ನಿಲ್ಲಿಸುವ ಲೆಕ್ಕ

ಜರ್ಮನಿಯ ಮೋಸೆಲ್ ಕಣಿವೆಯಲ್ಲಿ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯಿಂದ ಮಾಡುವ ವೈನ್ ರುಚಿ ನೋಡಿದ ನಮ್ಮವರು ಮೊದಲು ಕೇಳುವುದು, ಇದಕ್ಕೆ ಸಕ್ಕರೆ ಎಷ್ಟು ಹಾಕುತ್ತೀರಿ ಅಂತ. ಒಂದು ಚಮಚವೂ ಇಲ್ಲ. ಕಾಬಿನೆಟ್, ಸ್ಪೇಟ್‌ಲೇಸೆ, ಔಸ್‌ಲೇಸೆ (ದ್ರಾಕ್ಷಿ ಎಷ್ಟು ಮಾಗಿದೆ ಎಂಬುದರ ಮೇಲಿನ ದರ್ಜೆಗಳು, ಕಾಬಿನೆಟ್ ಇವುಗಳಲ್ಲಿ ಹಗುರದ್ದು) ಎಂಬ ಹೆಸರಿನಲ್ಲಿ ಮಾರುವ ವೈನ್‌ಗೆ ಹುದುಗುವ ಮುನ್ನ ಸಕ್ಕರೆ ಬೆರೆಸಲು ಅಲ್ಲಿನ ಕಾನೂನು ಬಿಡುವುದಿಲ್ಲ. ಹುದುಗು ಮುಗಿಯುವುದಕ್ಕೆ ಮೊದಲೇ ಅದನ್ನು ತಡೆದರೆ ದ್ರಾಕ್ಷಿಯ ಸಕ್ಕರೆಯಲ್ಲೇ ಒಂದಷ್ಟು ಉಳಿದುಕೊಳ್ಳುತ್ತದೆ. ಕಾಬಿನೆಟ್‌ನ ಕಷ್ಟವೆಲ್ಲ ಇರುವುದು ಈ ತಡೆಯುವ ಕೆಲಸದಲ್ಲೇ.

ತೋಟದ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಸ್ಲೇಟ್ ಕಲ್ಲಿನ ಇಳಿಜಾರು, ಕೆಲವು ಕಡೆ ಕಡಿದಾಗಿ 60 ಡಿಗ್ರಿ ದಾಟುತ್ತದೆ. ಒಂದೊಂದು ಬಳ್ಳಿಗೂ ಒಂದೊಂದು ಗೂಟ; ಎರಡು ಕಡ್ಡಿ ಬಿಟ್ಟು ಹೃದಯದಾಕಾರಕ್ಕೆ ಬಗ್ಗಿಸಿ ಕಟ್ಟುವುದು ಹಳೆಯ ಪದ್ಧತಿ. ವಿಜಯಪುರದ ಕಡೆ ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು ಚಾಟ್ನಿ (ಬಳ್ಳಿ ಕತ್ತರಿಸುವುದು) ಆದರೆ ಮೋಸೆಲ್‌ನಲ್ಲಿ ಬಳ್ಳಿ ಚಳಿಗಾಲವಿಡೀ ಮಲಗುವುದರಿಂದ ಒಂದೇ ಚಾಟ್ನಿ. ಮೋಸೆಲ್‌ನ ಉಪನದಿ ಸಾರ್ ಕಣಿವೆಯ ಷಾರ್ಜ್‌ಹೋಫ್ ಎಂಬ ವೈನ್ ತೋಟದಮನೆ ಮ್ಯುಲರ್ ಮನೆತನದ ಕೈಗೆ ಬಂದದ್ದು 1797ರಲ್ಲಿ. ಮೋಸೆಲ್ ದಂಡೆಯ ವೇಲೆನ್ ಊರಿನ ತೋಟದ ಇಳಿಜಾರಿನಲ್ಲಿರುವ ಸೂರ್ಯಗಡಿಯಾರವನ್ನು ಪ್ರ್ಯೂಮ್ ಮನೆತನದವರು ಕಟ್ಟಿಸಿದ್ದು 1842ರಲ್ಲಿ. ಇಂಥ ಮನೆಗಳ ನಿಜವಾದ ಆಸ್ತಿ ನನ್ನ ಮಟ್ಟಿಗೆ, ಯಾವ ತುಂಡು ಯಾವ ವಾರ ಹಣ್ಣಾಗುತ್ತದೆ ಎಂಬ ತಲೆಮಾರಿನ ತಿಳಿವಳಿಕೆ.

ಕಾಬಿನೆಟ್‌ಗೆ ದ್ರಾಕ್ಷಿ ತೀರಾ ಮಾಗಬಾರದು. ರಸದ ಸಾಂದ್ರತೆಯನ್ನು ಅಲ್ಲಿ ಎಕ್ಸ್‌ಲೆ ಡಿಗ್ರಿಯಲ್ಲಿ ಅಳೆಯುತ್ತಾರೆ: ಒಂದು ಲೀಟರ್ ರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಹೆಚ್ಚು ತೂಗುತ್ತದೋ ಅಷ್ಟು ಡಿಗ್ರಿ. ನನಗೆ ಬೇಕಾದದ್ದು 78ರಿಂದ 82. ಎಂಬತ್ತು ಅಂದರೆ ಲೀಟರಿಗೆ ಸುಮಾರು 180 ಗ್ರಾಂ ಸಕ್ಕರೆ. ಅದಕ್ಕಿಂತ ಮುಖ್ಯ ಹುಳಿ. ದ್ರಾಕ್ಷಿಯ ಮುಖ್ಯ ಹುಳಿಯಾದ ಟಾರ್ಟಾರಿಕ್ ಲೆಕ್ಕದಲ್ಲಿ ಲೀಟರಿಗೆ 8ರಿಂದ 9 ಗ್ರಾಂ ಇದ್ದರೆ 40 ಗ್ರಾಂ ಸಕ್ಕರೆ ಉಳಿದರೂ ನಾಲಿಗೆಗೆ ಅಂಟುವುದಿಲ್ಲ. ಹುಳಿ 6ಕ್ಕೆ ಇಳಿದರೆ ಅದೇ ಸಕ್ಕರೆ ಪಾನಕದಂತಾಗುತ್ತದೆ. ರಾತ್ರಿ ಬೆಚ್ಚಗಿದ್ದರೆ ಬಳ್ಳಿ ತನ್ನ ಮ್ಯಾಲಿಕ್ ಹುಳಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 2003, 2018ರಂಥ ಬಿಸಿ ವರ್ಷಗಳಲ್ಲಿ ಕಾಬಿನೆಟ್ ಕಷ್ಟವಾಗುವುದು ಇದಕ್ಕೇ. ಮಾಪಕದ ಜೊತೆಗೆ ಬೀಜವನ್ನೂ ಕಚ್ಚಿ ನೋಡುತ್ತೇನೆ. ಕಂದು ಬಣ್ಣಕ್ಕೆ ತಿರುಗಿ ಕಟಕ್ಕೆಂದು ಒಡೆಯಬೇಕು. ಹಸಿರಿದ್ದು ಹಲ್ಲಿಗೆ ಮೆತ್ತಿಕೊಂಡರೆ ಇನ್ನೂ ಬಲಿತಿಲ್ಲ.

ಗೊಂಚಲನ್ನು ತೊಟ್ಟಿನ ಸಮೇತ ಪ್ರೆಸ್‌ಗೆ ಹಾಕುತ್ತೇನೆ. ತೊಟ್ಟುಗಳ ಸಂದಿಯಲ್ಲಿ ರಸ ಸಲೀಸಾಗಿ ಇಳಿಯುತ್ತದೆ, ಹೆಚ್ಚು ಹಿಂಡಬೇಕಾಗುವುದಿಲ್ಲ. ಗಾಳಿಚೀಲದ ಪ್ರೆಸ್‌ನಲ್ಲಿ ಮೂರರಿಂದ ನಾಲ್ಕು ಗಂಟೆ, ಒತ್ತಡ ಮೆಲ್ಲಗೆ ಏರಬೇಕು. ಕೊನೆಯ ಹಿಂಡಿನ ರಸ ಬೇರೆಯೇ ಇಡಬೇಕು: ಸಿಪ್ಪೆಯ ಪೊಟ್ಯಾಸಿಯಂ ಅದರಲ್ಲಿ ಸೇರಿ ಪಿಎಚ್ ಏರುತ್ತದೆ, ಒಗರೂ ಬರುತ್ತದೆ. ಮಿಕ್ಕ ರಸವನ್ನು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ರಾತ್ರಿ ಬಿಟ್ಟು ಗಸಿಯಿಂದ ಬೇರ್ಪಡಿಸುತ್ತೇನೆ. ಕನ್ನಡಿಯಷ್ಟು ತಿಳಿಯಾಗಲು ಬಿಡಬಾರದು. ತೀರಾ ತಿಳಿಯಾದ ರಸದಲ್ಲಿ ಯೀಸ್ಟ್‌ಗೆ ಆಹಾರ ಸಾಲದೆ ಹುದುಗು ಮಧ್ಯದಲ್ಲೇ ಸುಸ್ತಾಗುತ್ತದೆ.

ಹುದುಗುವುದು ಫೂಡರ್‌ನಲ್ಲಿ, ಅಂದರೆ 1000 ಲೀಟರಿನ ಹಳೆಯ ಓಕ್ ಪೀಪಾಯಿ. ಮರದ ವಾಸನೆ ಎಂದೋ ಹೋಗಿರುತ್ತದೆ, ಒಳಗೋಡೆಗೆ ಟಾರ್ಟಾರ್ (ದ್ರಾಕ್ಷಿ ಹುಳಿಯ ಉಪ್ಪು) ಹರಳು ಹೆಪ್ಪುಗಟ್ಟಿರುತ್ತದೆ. ಪ್ಯಾಕೆಟ್ ಯೀಸ್ಟ್ ಹಾಕುವುದಿಲ್ಲ. ಆದರೆ ದೇವರ ಮೇಲೆ ಭಾರ ಹಾಕಿ ಕೂರುವುದೂ ಇಲ್ಲ: ಕೊಯ್ಲಿಗೆ ಒಂದು ವಾರ ಮುಂಚೆ ಅದೇ ತೋಟದ ಒಳ್ಳೆಯ ಗೊಂಚಲು ಆರಿಸಿ, ಹಿಂಡಿ, 25 ಲೀಟರ್ ರಸವನ್ನು ಬೆಚ್ಚಗಿನ ಜಾಗದಲ್ಲಿ ಹುದುಗಲು ಬಿಡುತ್ತೇನೆ. ಉಗುರುಬಣ್ಣದ ವಾಸನೆ ಬಂದರೆ ಮೋರಿಗೆ; ಬರದಿದ್ದರೆ ಅದೇ ಫೂಡರ್‌ಗೆ ಹೆಪ್ಪು.

ಕೊಳೆತ ಮೊಟ್ಟೆಯ ವಾಸನೆ ಶುರುವಾದರೆ ಬಹುಪಾಲು ಸಾರಜನಕದ ಕೊರತೆ. ಲೀಟರಿಗೆ 150 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ 100 ಲೀಟರಿಗೆ 30 ಗ್ರಾಂ ಡೈಅಮೋನಿಯಂ ಫಾಸ್ಫೇಟ್ ಕೊಡುತ್ತೇನೆ. ಅದರಿಂದ ಲೀಟರಿಗೆ ಸುಮಾರು 60 ಮಿಲಿಗ್ರಾಂ ಸಾರಜನಕ ಸಿಗುತ್ತದೆ. ಹುದುಗು ಅರ್ಧ ದಾಟಿದ ಮೇಲೆ ಕೊಟ್ಟು ಪ್ರಯೋಜನವಿಲ್ಲ, ಯೀಸ್ಟ್ ಅದನ್ನು ಹೀರಿಕೊಳ್ಳುವುದಿಲ್ಲ. ಇನ್ನೊಂದು ಮಾತು: ಒಂದು ಲೀಟರ್ ರಸ ಸುಮಾರು 40 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದು ನೆಲಮಾಳಿಗೆಯ ತಳದಲ್ಲಿ ತುಂಬಿಕೊಳ್ಳುತ್ತದೆ. ಮೇಣದಬತ್ತಿ ನಂಬಬೇಡಿ, ಗ್ಯಾಸ್ ಮೀಟರ್ ಇಲ್ಲದೆ ಇಳಿಯಬೇಡಿ.

ಈಗ ನಿಲ್ಲಿಸುವ ವಿಚಾರ. 80 ಎಕ್ಸ್‌ಲೆಯ ರಸದಲ್ಲಿ 8 ಶೇಕಡಾ ಆಲ್ಕೋಹಾಲ್ ಆಗುವಷ್ಟರಲ್ಲಿ ಸುಮಾರು 136 ಗ್ರಾಂ ಸಕ್ಕರೆ ಖರ್ಚಾಗಿ 44 ಗ್ರಾಂ ಉಳಿದಿರುತ್ತದೆ. ಆಗ ಮಾಪಕ 16ರ ಆಸುಪಾಸು ತೋರಿಸುತ್ತದೆ. ಆದರೆ 16 ಕಂಡಾಗ ಚಳಿ ಕೊಟ್ಟರೆ ತಡವಾಯಿತು. 1000 ಲೀಟರ್ ವೈನ್‌ನ ಬಿಸಿ 16 ಡಿಗ್ರಿ ಸೆಲ್ಸಿಯಸ್‌ನಿಂದ 2 ಡಿಗ್ರಿಗೆ ಇಳಿಯಲು ಸುಮಾರು ಒಂದು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಇನ್ನೂ ಎರಡು ಮೂರು ಡಿಗ್ರಿ ಎಕ್ಸ್‌ಲೆ ಕರಗಿರುತ್ತದೆ. ಡಿಗ್ರಿಗೆ 2 ಗ್ರಾಂ ಸಕ್ಕರೆ ಎಂದರೂ ಅದು 6 ಗ್ರಾಂ. ಹಾಗಾಗಿ 19 ಎಕ್ಸ್‌ಲೆಯಲ್ಲೇ ಫೂಡರ್‌ನಿಂದ ತಂಪು ಮಾಡುವ ಜಾಕೆಟ್ ಇರುವ ಸ್ಟೀಲ್ ಟ್ಯಾಂಕ್‌ಗೆ ದಾಟಿಸುತ್ತೇನೆ. ಓದುವ ಮುನ್ನ ಮಾದರಿಯನ್ನು ಎರಡು ಜಗ್‌ಗಳ ನಡುವೆ ಹತ್ತಾರು ಸಲ ಸುರಿದು ಗ್ಯಾಸ್ ಬಿಡಿಸಬೇಕು. ಇಲ್ಲದಿದ್ದರೆ ಸಣ್ಣ ಗುಳ್ಳೆಗಳು ಮಾಪಕದ ಗಾಜಿಗೆ ಅಂಟಿ ಅದನ್ನು ಮೇಲೆತ್ತುತ್ತವೆ, ಸಕ್ಕರೆ ಇರುವುದಕ್ಕಿಂತ ಹೆಚ್ಚು ಎಂದು ಕಾಣುತ್ತದೆ.

ನಾಲಿಗೆಯೂ ಮೋಸ ಮಾಡುತ್ತದೆ. ಹುದುಗುತ್ತಿರುವ ವೈನ್‌ನ ಗ್ಯಾಸ್ ಚುಚ್ಚಿ, ಯೀಸ್ಟ್‌ನ ಕದಡು ಸಿಹಿಯನ್ನು ಮುಚ್ಚಿಡುತ್ತದೆ. ತಿಳಿಯಾದ ಮೇಲೆ ಅದೇ ವೈನ್ ಹೆಚ್ಚು ಸಿಹಿ ಎನಿಸುತ್ತದೆ. ಇದಕ್ಕೆ ನಾನು ಕೊನೆಯ ದಿನಗಳಲ್ಲಿ ದಿನಕ್ಕೊಂದು ಅರ್ಧ ಲೀಟರ್ ತೆಗೆದು, ಫ್ರಿಜ್‌ನಲ್ಲಿ ಕೂರಿಸಿ, ಮಾರನೆಯ ದಿನ ಮೇಲಿನ ತಿಳಿಯನ್ನು ಮಾತ್ರ ಸೋಸಿ ಸವಿಯುತ್ತೇನೆ. ಯೀಸ್ಟ್ ಗ್ಲೂಕೋಸನ್ನು ಮೊದಲು ತಿನ್ನುವುದರಿಂದ ಉಳಿಯುವುದು ಹೆಚ್ಚಾಗಿ ಫ್ರಕ್ಟೋಸ್, ಅದರ ಸಿಹಿ ಇನ್ನೂ ಜೋರು. ಪೂರ್ತಿ ಹುದುಗಿದ ವೈನ್‌ಗೆ ಆಮೇಲೆ ಹಸಿ ರಸ ಬೆರೆಸಿ ಸಿಹಿ ಮಾಡುವವರೂ ಇದ್ದಾರೆ. ಸುಲಭದ ದಾರಿ, ರುಚಿ ಚಪ್ಪಟೆ.

ಚಳಿ ಕೊಟ್ಟ ಕೂಡಲೇ ವೈನ್ ಕಾಪಾಡಲು ಗಂಧಕ, ಅಂದರೆ ಸಲ್ಫರ್ ಡೈಆಕ್ಸೈಡ್, ಸುರಿಯುವುದು ಹಲವರ ರೂಢಿ, ನನಗೆ ಒಪ್ಪಿಗೆಯಿಲ್ಲ. ಇನ್ನೂ ಚುರುಕಾಗಿರುವ ಯೀಸ್ಟ್‌ಗೆ ಸಲ್ಫರ್ ಡೈಆಕ್ಸೈಡ್ ಕೊಟ್ಟರೆ ಅದು ಅಸಿಟಾಲ್ಡಿಹೈಡ್ ಮಾಡಿಕೊಂಡು ಗಂಧಕವನ್ನು ಕಟ್ಟಿಹಾಕುತ್ತದೆ. ಎಷ್ಟು ಹಾಕಿದರೂ ಸ್ವತಂತ್ರ ಗಂಧಕ (ಹೀಗೆ ಕಟ್ಟಿಹಾಕಿಸಿಕೊಳ್ಳದೆ ಉಳಿದದ್ದು) ಮೇಲೇಳುವುದಿಲ್ಲ. ಎರಡು ಮೂರು ದಿನ ಚಳಿಯಲ್ಲಿ ಗಸಿ ಕೂರಲಿ, ವೈನ್ ಬೇರ್ಪಡಿಸಿ, ಆಮೇಲೆ ಲೀಟರಿಗೆ 100 ಮಿಲಿಗ್ರಾಂ ಗಂಧಕ. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್‌ನಲ್ಲಿ ಅರ್ಧ ಭಾಗ ಗಂಧಕವೆಂದು ಹಿಡಿದರೆ 1000 ಲೀಟರಿಗೆ 200 ಗ್ರಾಂ. ವಾರ ಬಿಟ್ಟು ಅಳೆದಾಗ ಸ್ವತಂತ್ರ ಗಂಧಕ ಲೀಟರಿಗೆ 40ರಿಂದ 45 ಮಿಲಿಗ್ರಾಂ ಇರಬೇಕು. ಪಿಎಚ್ 3.0 ಇದ್ದರೆ ಅಷ್ಟು ಧಾರಾಳ, 3.3ಕ್ಕೆ ಏರಿದರೆ ಅದೇ ರಕ್ಷಣೆಗೆ ಹೆಚ್ಚುಕಡಿಮೆ ಎರಡರಷ್ಟು ಬೇಕು.

ಬಾಟಲಿಗೆ ತುಂಬುವಾಗ 0.45 ಮೈಕ್ರಾನ್ ಮೆಂಬ್ರೇನ್ ಫಿಲ್ಟರ್ ಇರಲೇಬೇಕು. ಅದರಿಂದಾಚೆಗಿನ ಪೈಪು, ನಳಿಕೆಗಳಲ್ಲೆಲ್ಲ 80 ಡಿಗ್ರಿಗೂ ಬಿಸಿಯಾದ ನೀರು 20 ನಿಮಿಷ ಹರಿಯಬೇಕು; ಬಿಸಿ ನೋಡಬೇಕಾದದ್ದು ಬಾಯ್ಲರ್‌ನಲ್ಲಲ್ಲ, ಕಟ್ಟಕಡೆಯ ನಳಿಕೆಯಲ್ಲಿ. ಯೀಸ್ಟ್ ನುಸುಳಿದರೆ ಬಾಟಲಿಯೊಳಗೇ ಮತ್ತೆ ಹುದುಗು ಹಿಡಿಯುತ್ತದೆ. ಫಿಲ್ಟರ್ ಹರಿದಿಲ್ಲವೆಂಬ ಒತ್ತಡ ಪರೀಕ್ಷೆಯನ್ನು ತುಂಬುವ ಮುಂಚೆಯೂ, ಮುಗಿದ ಮೇಲೂ ಮಾಡುತ್ತೇನೆ. ಮೊದಲು, ನಡುವೆ, ಕೊನೆಯಲ್ಲಿ ತುಂಬಿದ ಕೆಲವು ಬಾಟಲಿಗಳನ್ನು 25 ಡಿಗ್ರಿಯ ಕೋಣೆಯಲ್ಲಿ ಮೂರು ವಾರ ಇಡಬೇಕು. ಮಬ್ಬು ಕಾಣದಿದ್ದರೆ, ಕಾರ್ಕ್ ಅಲುಗದಿದ್ದರೆ ಸರಕು ಕಳಿಸಬಹುದು. ತಳದಲ್ಲಿ ಗಾಜಿನ ಚೂರಿನಂಥ ಹರಳು ಕಂಡರೆ ಗಾಬರಿ ಬೇಡ, ಅದು ಟಾರ್ಟಾರ್.