ಮುಧೋಳದ ಎಎಸ್/400ಗೆ ಬೆಳಗಾವಿಯಿಂದ ಫೋನ್ ಲೈನ್ ಮೇಲೆ ಟರ್ಮಿನಲ್: ನನ್ನ ಅನುಭವ

ಎಎಸ್/400 ಅಂದ್ರೆ ಕಂಪನಿಗಳ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಐಬಿಎಂ ಕಂಪ್ಯೂಟರ್. ಅಂಥ ಹಳೆಯ ಮಷೀನಿಗೆ ಡಯಲ್-ಇನ್, ಅಂದ್ರೆ ದೂರದಿಂದ ಫೋನ್ ಮೂಲಕ ಒಳಗೆ ಬರುವ ದಾರಿ, ಕೊಡಬೇಕು ಅಂದ್ರೆ ಎಲ್ಲರೂ ಮೊದಲು ಮಷೀನ್ ಕಡೆ ಹೋಗುತ್ತಾರೆ. ನಾನು ಹೇಳೋದು, ಮೊದಲು ಫೋನ್ ಲೈನ್ ನೋಡಿ. ಮಷೀನ್ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಲೈನ್ ಸರಿ ಇಲ್ಲದಿದ್ದರೆ ಹಂಗಾಮು ಪೂರ್ತಿ ಕಾಡುತ್ತದೆ.

2000ದ ಆಸುಪಾಸಿನ ಮಾತು. ನಾನು ಬೆಳಗಾವಿಯಲ್ಲಿ ಕೂತು ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುತ್ತಿದ್ದೆ. ಕಬ್ಬಿನ ತೂಕ, ರೈತರ ಬಿಲ್ಲು, ಕಟಾವು ಗ್ಯಾಂಗಿನ ಲೆಕ್ಕ ಎಲ್ಲ ಅಲ್ಲಿನ ಎಎಸ್/400ರಲ್ಲೇ. ಹಂಗಾಮು ಶುರುವಾದರೆ ತೂಕದ ಕಾಟಾ ಹಗಲು ರಾತ್ರಿ ನಡೆಯುತ್ತದೆ. ರಾತ್ರಿ ಹನ್ನೊಂದಕ್ಕೆ ತೂಕದ ಚೀಟಿ ನಿಂತರೆ ಟ್ರ್ಯಾಕ್ಟರ್ ಸಾಲು ಗೇಟು ದಾಟಿ ರಸ್ತೆಗೆ ಬರುತ್ತದೆ, ಕಡಿದ ಕಬ್ಬು ನಿಂತಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ಬೀಳೋದು ರೈತನ ಮೇಲೆ. ಬೆಳಗಿನ ಬಸ್ಸಿಗೆ ಬರ್ತೀನಿ ಅಂತ ಹೇಳಿ ಮಲಗೋಕೆ ಆಗುತ್ತಾ?

ಅದಕ್ಕೇ ಮನೆಯಿಂದಲೇ ಫೋನ್ ಮೂಲಕ ಮಷೀನಿಗೆ ಹೋಗುವ ದಾರಿ ಬೇಕಿತ್ತು. ಫೋನಿನಂಥ ನಿಧಾನದ ಲೈನ್ ಮೇಲೆ ಇದು ನಡೆಯುತ್ತದೆ ಅನ್ನೋ ಧೈರ್ಯ ನನಗೆ ಬಂದದ್ದು 5250 ಟರ್ಮಿನಲ್ (ಎಎಸ್/400ರ ಸ್ಕ್ರೀನ್ ಮತ್ತು ಕೀಬೋರ್ಡ್) ಇರುವ ರೀತಿಯಿಂದಲೇ. ನೀವು ಒಂದೊಂದು ಅಕ್ಷರ ಒತ್ತಿದಾಗ ಅದು ಮಷೀನಿಗೆ ಹೋಗುವುದಿಲ್ಲ. ಎಂಟರ್ ಅಥವಾ ಫಂಕ್ಷನ್ ಕೀ ಒತ್ತಿದಾಗ ಮಾತ್ರ ತುಂಬಿದ್ದೆಲ್ಲ ಒಟ್ಟಿಗೆ ಹೋಗುತ್ತದೆ. ಇಡೀ ಸ್ಕ್ರೀನ್ ಅಂದ್ರೆ 24 ಸಾಲು, 80 ಕಾಲಂ, ಅಂದ್ರೆ 1,920 ಅಕ್ಷರ. ಸೆಕೆಂಡಿಗೆ 14,400 ಬಿಟ್ ವೇಗದಲ್ಲಿ ತುಂಬಿದ ಸ್ಕ್ರೀನ್ ಬರೋಕೆ ಸುಮಾರು ಒಂದು ಸೆಕೆಂಡು ಸಾಕು, ಖಾಲಿ ಜಾಗ ಜಾಸ್ತಿ ಇದ್ದರೆ ಅದಕ್ಕಿಂತ ಬೇಗ.

ಈಗ ಲೈನ್. ಕಂಪ್ಯೂಟರ್ ರೂಮಿನ ಫೋನ್ ಇಪಿಎಬಿಎಕ್ಸ್ (ಕಾರ್ಖಾನೆಯ ಒಳಗಿನ ಫೋನ್ ಎಕ್ಸ್‌ಚೇಂಜ್) ಮೂಲಕ ಬರುತ್ತಿತ್ತು. ಆಪರೇಟರ್ ಎತ್ತಿ ಕನೆಕ್ಷನ್ ಕೊಡುವ ಲೈನಿಗೆ ಮೋಡೆಮ್ (ಕಂಪ್ಯೂಟರ್ ಡೇಟಾವನ್ನು ಫೋನ್ ಲೈನ್ ಮೇಲೆ ಕಳಿಸುವ ಪೆಟ್ಟಿಗೆ) ಹಾಕಿ ಉಪಯೋಗವಿಲ್ಲ. ಮ್ಯಾನೇಜರ್ ಹತ್ತಿರ ಕೂತು ಒಂದು ನೇರ ಲೈನ್ ಕೇಳಿ ತೆಗೆದುಕೊಂಡೆ. ಅದಕ್ಕೆ ಪ್ಯಾರಲಲ್ ಫೋನ್ ಬೇಡವೇ ಬೇಡ ಅಂದೆ, ಯಾಕಂದ್ರೆ ಪಕ್ಕದ ರೂಮಿನಲ್ಲಿ ಯಾರೋ ರಿಸೀವರ್ ಎತ್ತಿದರೆ ಕನೆಕ್ಷನ್ ಹೋಯಿತು ಅಂತಲೇ ಲೆಕ್ಕ. ಕಂಪೌಂಡಿನೊಳಗೆ ವೈರಿಗೆ ಹಾಕಿದ್ದ ಹಳೆಯ ಜಾಯಿಂಟ್‌ಗಳನ್ನೂ ತೆಗೆಸಿ ಒಂದೇ ವೈರ್ ಎಳೆಸಿದೆ. ಮಳೆಯಲ್ಲಿ ನೆಂದ ಜಾಯಿಂಟ್ ಮಾತಿಗೆ ಸಾಕಾಗುತ್ತದೆ, ಮೋಡೆಮಿಗೆ ಸಾಕಾಗುವುದಿಲ್ಲ.

ಮೋಡೆಮ್ ಯುಎಸ್ ರೊಬೊಟಿಕ್ಸ್‌ನ ಎಕ್ಸ್‌ಟರ್ನಲ್. ಎಕ್ಸ್‌ಟರ್ನಲ್ಲೇ ಯಾಕೆ ಅಂದ್ರೆ ಅದರ ಮುಂದಿನ ಲೈಟುಗಳಿಗಾಗಿ. ಡಬ್ಬದ ಮೇಲೆ 56ಕೆ ಅಂತ ಬರೆದಿದ್ದರೂ ಎರಡೂ ಕಡೆ ಸಾಮಾನ್ಯ ಫೋನ್ ಲೈನ್ ಇದ್ದರೆ 33.6ಕೆ ದಾಟುವುದಿಲ್ಲ. ಅದನ್ನೂ ನಾನು ಬಯಸಲಿಲ್ಲ. ಮೇಲಿನ ವೇಗದಲ್ಲಿ ಸಣ್ಣ ಗಲಾಟೆ ಬಂದರೂ ಎರಡು ಮೋಡೆಮ್‌ಗಳು ಮಾತು ನಿಲ್ಲಿಸಿ ಮತ್ತೆ ಹೊಂದಿಕೊಳ್ಳೋಕೆ ಕೂರುತ್ತವೆ, ಸ್ಕ್ರೀನ್ ಹಾಗೇ ನಿಂತುಬಿಡುತ್ತದೆ. ಹಾಗಾಗಿ ವೇಗವನ್ನು &ಎನ್8 ಅನ್ನೋ ಮೋಡೆಮ್ ಕಮಾಂಡ್ ಕೊಟ್ಟು 14,400ಕ್ಕೆ ಕಟ್ಟಿಹಾಕಿದೆ. &ಎಫ್1 ಹಾರ್ಡ್‌ವೇರ್ ಫ್ಲೋ ಕಂಟ್ರೋಲ್‌ಗೆ (ಡೇಟಾ ತುಂಬಿ ಚೆಲ್ಲದಂತೆ ತಡೆಯೋಕೆ), ಎಸ್0=1 ಮೊದಲ ರಿಂಗಿಗೇ ಎತ್ತೋಕೆ. ನನ್ನ ಕಡೆ ಎಕ್ಸ್3 (ಡಯಲ್ ಟೋನಿಗೆ ಕಾಯದೆ ಡಯಲ್ ಮಾಡು ಅಂತ) ಬೇಕಾಯಿತು, ನಮ್ಮ ಎಕ್ಸ್‌ಚೇಂಜಿನ ಡಯಲ್ ಟೋನನ್ನು ಮೋಡೆಮ್ ಗುರುತಿಸುತ್ತಿರಲಿಲ್ಲ.

ಮಷೀನ್ ಕಡೆ ಎರಡು ದಾರಿ ಇದ್ದವು. ಹಳೆಯದು ಐಬಿಎಂನ ಸಂಪರ್ಕ ಪದ್ಧತಿಯಾದ ಎಸ್‌ಡಿಎಲ್‌ಸಿ. ಅದಕ್ಕೆ ಸಿಂಕ್ರೊನಸ್ ಮೋಡೆಮ್, ಕರೆ ಮಾಡುವ ಕಡೆ 5494ರಂಥ ರಿಮೋಟ್ ಕಂಟ್ರೋಲರ್ (ದೂರದ ಹಲವು ಟರ್ಮಿನಲ್ ಜೋಡಿಸುವ ಪೆಟ್ಟಿಗೆ) ಬೇಕು. ಹತ್ತಾರು ಟರ್ಮಿನಲ್ ಇರುವ ಬ್ರ್ಯಾಂಚಿಗೆ ಸರಿ, ಒಬ್ಬನಿಗೆ ಅಲ್ಲ. ಇನ್ನೊಂದು ಪಿಪಿಪಿ, ಅಂದ್ರೆ ಸಾಮಾನ್ಯ ಮೋಡೆಮ್ ಮೇಲೆ ನೆಟ್‌ವರ್ಕ್ ಕನೆಕ್ಷನ್ ಕೊಡುವ ಪದ್ಧತಿ. ನಮ್ಮ ಮಷೀನಿನಲ್ಲಿ ಅದು ಇತ್ತು. ಸರಿ, ಕಮ್ಯುನಿಕೇಷನ್ ಪೋರ್ಟಿಗೆ ಆರ್‌ಎಸ್-232 ಕೇಬಲ್ ಹಾಕಿ, ಅಸಿಂಕ್ ಪಿಪಿಪಿ ಲೈನ್ ಡಿಸ್ಕ್ರಿಪ್ಷನ್ (ಆ ಲೈನಿನ ವಿವರ) ಮಾಡಿ, ಬರುವ ಕರೆಗೆ ಉತ್ತರಿಸುವ ಪ್ರೊಫೈಲ್ ಬರೆದೆ. ಯೂಸರ್ ಹೆಸರು, ಪಾಸ್‌ವರ್ಡ್ ಚಾಪ್ (ಪಾಸ್‌ವರ್ಡನ್ನು ನೇರವಾಗಿ ಲೈನ್ ಮೇಲೆ ಕಳಿಸದೆ ಪರೀಕ್ಷಿಸುವ ಪದ್ಧತಿ) ಮೂಲಕ. ಐಪಿ ಫಾರ್ವರ್ಡಿಂಗ್ ಬಂದ್. ಅಂದ್ರೆ ಕರೆ ಮಾಡಿದವನು ಎಎಸ್/400 ತನಕ ಬರಬಹುದು, ಕಾರ್ಖಾನೆಯ ಬೇರೆ ಪಿಸಿಗಳಿಗೆ ಹೋಗುವಂತಿಲ್ಲ. ನನ್ನ ಕಡೆ ವಿಂಡೋಸ್ 98ರ ಡಯಲ್-ಅಪ್, ಅದರ ಮೇಲೆ ಟೆಲ್ನೆಟ್ 5250 ಎಮ್ಯುಲೇಟರ್, ಅಂದ್ರೆ ನೆಟ್‌ವರ್ಕ್ ಮೂಲಕ ಪಿಸಿಯನ್ನೇ 5250 ಟರ್ಮಿನಲ್ ಮಾಡುವ ಪ್ರೋಗ್ರಾಂ.

ಬೆಳಗಾವಿಗೆ ಬಂದ ಮೇಲೆ ಪ್ರೊಫೈಲ್ ಶುರು ಮಾಡಿಸಿ ಆಪರೇಟರಿಗೆ ಇನ್ನೊಂದು ಫೋನಿನಲ್ಲಿ ಕೇಳಿದೆ, "ಟಿಆರ್ ಲೈಟ್ ನೋಡ್ರಿ."

"ಹತ್ತೈತ್ರಿ ಸರ."

ಮಷೀನ್ ಮೋಡೆಮಿಗೆ ತಯಾರು ಅಂತ ಹೇಳಿದೆ ಅಂತಾಯಿತು. ಡಯಲ್ ಮಾಡಿದೆ. ಸಿಡಿ (ಕನೆಕ್ಷನ್ ಸಿಕ್ಕಿದೆ ಅನ್ನೋ ಲೈಟು) ಹತ್ತಿತು, ಡೇಟಾ ಬರುತ್ತಿದೆ ಅನ್ನೋ ಆರ್‌ಡಿ ಮಿಣುಕಿತು, ಆದರೆ ಸೈನ್-ಆನ್ ಸ್ಕ್ರೀನ್ ಇಲ್ಲ. ಇಲ್ಲಿ ನೆನಪಿಡಿ: ಟೆಲ್ನೆಟ್‌ನಲ್ಲಿ ಬರುವವರಿಗೆ ವರ್ಚುವಲ್ ಡಿವೈಸ್ (ಮಷೀನಿನೊಳಗಿನ ಕಾಲ್ಪನಿಕ ಟರ್ಮಿನಲ್) ಬೇಕು. ಅದನ್ನು ತಾನಾಗಿ ಮಾಡಿಕೊಳ್ಳೋಕೆ ಬಿಡುವುದು ಕ್ಯೂ-ಆಟೋ-ವಿಆರ್‌ಟಿ ಅನ್ನೋ ಸಿಸ್ಟಮ್ ವ್ಯಾಲ್ಯೂ, ಅದು ಸೊನ್ನೆ ಇತ್ತು. ಆಪರೇಟರ್ ಸ್ವಲ್ಪ ಏರಿಸಿದ, ಹಸಿರು ಸ್ಕ್ರೀನ್ ಬಂತು. ಕಾಟಾ ಪ್ರೋಗ್ರಾಂನ ಮೆನು ನನ್ನ ಮನೆಯ ಟೇಬಲ್ ಮೇಲೆ. ಆಗಿನ ಖುಷಿ ಇವತ್ತಿಗೂ ಇದೆ.

ಭದ್ರತೆಗೆ ನಾನು ಮಾಡಿದ್ದು ತೀರಾ ಸರಳ. ಮೋಡೆಮಿನ ಸ್ವಿಚ್ ಯಾವಾಗಲೂ ಆಫ್. ನಾನು ಮೊದಲು ಆಪರೇಟರಿಗೆ ಫೋನ್ ಮಾಡಬೇಕು, ಅವನು ದನಿ ಗುರುತಿಸಿ ಆನ್ ಮಾಡಬೇಕು, ಪುಸ್ತಕದಲ್ಲಿ ವೇಳೆ ಬರೆಯಬೇಕು. ಸೆಕ್ಯುರಿಟಿ ಆಫೀಸರ್ ಪ್ರೊಫೈಲಿಗೆ (ಮಷೀನಿನ ಎಲ್ಲ ಅಧಿಕಾರ ಇರುವ ಯೂಸರ್) ಈ ದಾರಿ ಇಲ್ಲವೇ ಇಲ್ಲ. ನನಗೆ ಬೇರೆ ಪ್ರೊಫೈಲ್, ಬೇಕಾದಷ್ಟೇ ಅಧಿಕಾರ. ರೈತರ ದುಡ್ಡಿನ ಲೆಕ್ಕ ಅದು, ಅನುಕೂಲಕ್ಕೆ ಅಂತ ಬಾಗಿಲು ತೆರೆದಿಡೋಕೆ ಆಗಲ್ಲ.

ಇನ್ನೊಂದು ಮಾತು. ಎಷ್ಟೇ ಒಳ್ಳೆಯ ಲೈನ್ ಇರಲಿ, ಒಂದು ದಿನ ಕಟ್ ಆಗಿಯೇ ಆಗುತ್ತದೆ. ಬಿಲ್ಲು ಮಾಡುವಂಥ ಉದ್ದದ ಕೆಲಸವನ್ನು ಸ್ಕ್ರೀನ್ ಮೇಲೆ ನೇರವಾಗಿ ಓಡಿಸಬೇಡಿ. ಎಸ್‌ಬಿಎಂಜಾಬ್ ಅನ್ನೋ ಕಮಾಂಡ್ ಕೊಟ್ಟು ಬ್ಯಾಚಿಗೆ, ಅಂದ್ರೆ ಸ್ಕ್ರೀನಿನ ಹಂಗಿಲ್ಲದ ಸಾಲಿಗೆ, ಕಳಿಸಿ. ಫೋನ್ ಸತ್ತರೂ ಆ ಕೆಲಸ ಮಷೀನಿನೊಳಗೆ ತನ್ನ ಪಾಡಿಗೆ ಮುಗಿಯುತ್ತದೆ. ಎಮ್ಯುಲೇಟರ್‌ನಲ್ಲಿ ಡಿವೈಸಿಗೆ ಒಂದು ಖಾಯಂ ಹೆಸರು ಕೊಡೋಕೆ ಬರುತ್ತಿದ್ದರೆ ಕೊಡಿ, ಯಾವ ಜಾಬ್ ನಿಮ್ಮದು ಅಂತ ಹುಡುಕುವ ತಾಪತ್ರಯ ತಪ್ಪುತ್ತದೆ. ರಿಪೋರ್ಟುಗಳನ್ನು ಈ ಲೈನ್ ಮೇಲೆ ಎಳೆದುಕೊಳ್ಳೋಕೂ ಹೋಗಬೇಡಿ. ಪ್ರಿಂಟಿಗೆ ಕಾದಿರುವ ಸ್ಪೂಲ್ ಫೈಲನ್ನು ಸ್ಕ್ರೀನ್ ಮೇಲೆ ತೆರೆದು ಕೊನೆಯ ಪುಟದ ಮೊತ್ತ ನೋಡಿ, ಸರಿ ಇದ್ದರೆ ರಿಲೀಸ್ ಮಾಡಿ, ಕಾರ್ಖಾನೆಯ ಪ್ರಿಂಟರಿನಲ್ಲೇ ಬರಲಿ.