ಊರಿನ ಜಮೀನು ಯಾರ ಕೈಲಿದೆ? ಪಹಣಿ ಹಿಡಿದು ಲೆಕ್ಕ ಹಾಕುವ ಬಗೆ

ಉತ್ತರ ಕನ್ನಡದ ಕುಮಟಾ, ಅಂಕೋಲಾ ಕಡೆಯ ಒಂದು ಮಜರೆಯಲ್ಲಿ (ಊರಿಗೆ ಸೇರಿದ ಸಣ್ಣ ಹಳ್ಳಿಯಲ್ಲಿ) ಜಮೀನು ಎಷ್ಟು ಏರುಪೇರಾಗಿ ಹಂಚಿಹೋಗಿದೆ ಎಂದು ತಿಳಿಯಲು ಮನೆಗಳ ಪಟ್ಟಿ, ಪಹಣಿ (ಜಮೀನು ಯಾರದು, ಎಷ್ಟು ಎಂದು ಹೇಳುವ ಸರ್ಕಾರಿ ದಾಖಲೆ, ಆರ್‌ಟಿಸಿ), ಒಂದು ಕ್ಯಾಲ್ಕುಲೇಟರ್ ಇದ್ದರೆ ಸಾಕು. ಆದರೆ ಪಹಣಿಯಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಜಮೀನೇ ಇಲ್ಲದವರು ಲೆಕ್ಕಕ್ಕೇ ಬರುವುದಿಲ್ಲ. ಮೊದಲು ಮನೆಗಳನ್ನು ಬರೆಯಿರಿ: ಮೀನುಗಾರರ ಕೇರಿ, ಹಾಲಕ್ಕಿ ಒಕ್ಕಲಿಗರ ಕೊಪ್ಪ (ಅವರ ಕೇರಿ), ಕೂಲಿಯವರ ಮನೆಗಳು, ಎಲ್ಲವೂ. ಒಂದು ಒಲೆಗೆ ಒಂದು ಮನೆ. ಜಮೀನಿಲ್ಲದವರ ಮುಂದೆ ಸೊನ್ನೆ ಹಾಕಿ.

ಆಮೇಲೆ ಸರ್ವೆ ನಂಬರ್ ಹಿಡಿದು ಪಹಣಿ ತೆಗೆಯಿರಿ. 9ನೇ ಕಲಮಿನಲ್ಲಿ ಮಾಲಿಕರ ಹೆಸರೂ ಅವರವರ ವಿಸ್ತೀರ್ಣವೂ ಇರುತ್ತದೆ. ಅದೆಲ್ಲವನ್ನೂ ಗುಂಟೆಗೆ ಇಳಿಸಿ. 40 ಗುಂಟೆಗೆ ಒಂದು ಎಕರೆ. ಹೆಚ್ಚಿನವರು ಎಡವುವುದು ಇಲ್ಲೇ. ಪಹಣಿಯ 1-20 ಎಂದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ 60 ಗುಂಟೆ. ಅದನ್ನೇ ದಶಾಂಶವೆಂದುಕೊಂಡು 1.20 ಎಕರೆ ಎಂದು ಹೊಡೆದರೆ 48 ಗುಂಟೆ ಬರುತ್ತದೆ, 12 ಗುಂಟೆ ಮಾಯ!

ಇನ್ನೊಂದು ತೊಡಕು ಹೆಸರಿನದು. ಪೌತಿ ಖಾತೆ (ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗದೆ ತೀರಿಹೋದ ಅಜ್ಜನ ಹೆಸರೇ ಉಳಿದಿರುತ್ತದೆ, ಒಳಗೆ ಮೂವರು ಮಕ್ಕಳು ಬಾಯಿಮಾತಿನಲ್ಲೇ ಪಾಲಾಗಿರುತ್ತಾರೆ. ಅಲ್ಲಿ ಒಲೆ ಮೂರು, ಹಾಗಾಗಿ ಮೂರು ಮನೆಗೆ ಹಂಚಿ ಬರೆಯಿರಿ. ಇದಕ್ಕೆ ಉಲ್ಟಾ, ಗಂಡ, ಹೆಂಡತಿ, ಮಗ ಮೂವರ ಹೆಸರಲ್ಲಿ ಚದುರಿರುವ ಜಮೀನನ್ನು ಒಂದೇ ಮನೆಗೆ ಕೂಡಿಸಿ. ಮುಂಬೈಯಲ್ಲಿ ಕೂತ ಒಡೆಯರನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಮಾಡಿ.

ಈಗ ಗಿನಿ ಸೂಚ್ಯಂಕ, ಅಂದರೆ ಹಂಚಿಕೆ ಎಷ್ಟು ಏರುಪೇರಾಗಿದೆ ಎಂದು ಒಂದೇ ಅಂಕಿಯಲ್ಲಿ ಹೇಳುವ ಅಳತೆ. ಇಟಲಿಯ ಸಂಖ್ಯಾಶಾಸ್ತ್ರಜ್ಞ ಕೊರಾಡೊ ಗಿನಿ 1912ರಲ್ಲಿ ಕೊಟ್ಟದ್ದು ಇದು; ಎಲ್ಲರಿಗೂ ಸಮಪಾಲಾದರೆ 0, ಒಬ್ಬನ ಕೈಗೇ ಎಲ್ಲ ಸೇರಿದರೆ 1ರ ಹತ್ತಿರ. ಉದಾಹರಣೆಗೆ ಹತ್ತು ಮನೆ ಹಿಡಿಯೋಣ. ಕಡಿಮೆಯಿಂದ ಹೆಚ್ಚಿಗೆ, ಗುಂಟೆಗಳಲ್ಲಿ: 0, 0, 5, 5, 10, 10, 20, 30, 40, 80. ಒಟ್ಟು 200. ಪ್ರತಿ ಅಂಕಿಯನ್ನು ಅದರ ಸಾಲಿನ ಕ್ರಮಸಂಖ್ಯೆಯಿಂದ ಗುಣಿಸಿ (ಮೂರನೆಯದು 3×5, ಕೊನೆಯದು 10×80), ಎಲ್ಲ ಕೂಡಿಸಿ: 1685. ಇದರ ಎರಡು ಪಟ್ಟು 3370. ಮನೆ ಸಂಖ್ಯೆ ಗುಣಿಸು ಒಟ್ಟು ಗುಂಟೆ, ಅಂದರೆ 2000ದಿಂದ ಭಾಗಿಸಿದರೆ 1.685. ಅದರಲ್ಲಿ 11/10 ಕಳೆಯಿರಿ (ಮನೆ ಸಂಖ್ಯೆಗೆ ಒಂದು ಕೂಡಿಸಿ, ಮನೆ ಸಂಖ್ಯೆಯಿಂದಲೇ ಭಾಗಿಸಿದ್ದು). ಉಳಿದದ್ದು 0.585.

ಆ ಎರಡು ಸೊನ್ನೆಗಳನ್ನು ಬಿಟ್ಟು ಎಂಟೇ ಮನೆಗೆ ಇದೇ ಲೆಕ್ಕ ಹಾಕಿ ನೋಡಿ: 0.48ಕ್ಕೆ ಇಳಿಯುತ್ತದೆ. ಬಡವರನ್ನು ಪಟ್ಟಿಯಿಂದ ತೆಗೆದರೆ ಊರು ಸಮಾನವಾಗಿ ಕಾಣುತ್ತದೆ. ಆದ್ದರಿಂದ ಯಾರಾದರೂ ಗಿನಿ ಅಂಕಿ ಹೇಳಿದರೆ, ಜಮೀನಿಲ್ಲದವರನ್ನು ಸೇರಿಸಿದ್ದೀರಾ ಎಂದು ಕೇಳಿ. ಜನರಿಗೆ ಹೇಳುವಾಗ ಗಿನಿಗಿಂತ ಪಾಲು ಸುಲಭ: ಮೇಲಿನ ಒಂದು ಮನೆಗೆ ಶೇ. 40, ಕೆಳಗಿನ ಐದು ಮನೆಗೆ ಸೇರಿ ಶೇ. 10.

ಗುಂಟೆ ಗುಂಟೆ ಒಂದೇ ಅಲ್ಲ ಎಂಬುದೂ ನೆನಪಿರಲಿ. ಒಂದು ಗುಂಟೆ ಅಡಿಕೆ ತೋಟ, ಒಂದು ಗುಂಟೆ ಮಕ್ಕಿ ಗದ್ದೆ (ಮಳೆ ನಂಬಿದ ಎತ್ತರದ ಗದ್ದೆ), ಅಘನಾಶಿನಿ ಹೊಳೆ ಬದಿಯ ಒಂದು ಗುಂಟೆ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕೊಡುವ ಆದಾಯ ಬೇರೆಬೇರೆ. ಪ್ರತಿಯೊಂದಕ್ಕೂ ಪ್ರತ್ಯೇಕ ಕಲಂ ಇಡಿ. ಶಿರಸಿ ಕಡೆ ಇದೇ ಲೆಕ್ಕ ಮಾಡುವವರು ಸೊಪ್ಪಿನ ಬೆಟ್ಟವನ್ನು (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡನ್ನು) ಮಾಲಿಕತ್ವಕ್ಕೆ ಸೇರಿಸಬೇಡಿ, ಅಲ್ಲಿರುವುದು ಬಳಸುವ ಹಕ್ಕು ಮಾತ್ರ. ಆದರೆ ಅದು ತೋಟವಿದ್ದವರಿಗೆ ಸಿಕ್ಕ ಹಕ್ಕು ಎಂಬುದನ್ನು ಪಕ್ಕದಲ್ಲಿ ಬರೆದಿಡಿ. ಅರಣ್ಯ ಅತಿಕ್ರಮಣದ ಸಾಗುವಳಿದಾರರು ಪಹಣಿಯಲ್ಲಿ ಮಾಲಿಕರಾಗಿ ಸಿಗುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದಾರೆಯೇ, ಅದು ಏನಾಯಿತು ಎಂದು ಮನೆಗೇ ಹೋಗಿ ಕೇಳಬೇಕು. ಪಹಣಿಯ 11ನೇ ಕಲಮಿನಲ್ಲಿ ಸಾಲದ ಭೋಜಾ (ಜಮೀನಿನ ಮೇಲಿನ ಸಾಲದ ಹೊರೆ) ಇದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಮೀನುಗಾರರ ಕೇರಿಯಲ್ಲಿ ಮಾತ್ರ ಜಮೀನಿನ ಗಿನಿ ಹೆಚ್ಚೇನೂ ಹೇಳದು. ಅಲ್ಲಿ ಬೇರೆ ಹಾಳೆ ತೆಗೆದು ದೋಣಿ ಯಾರದು, ಇಂಜಿನ್ ಯಾರದು, ಬಲೆ ಯಾರದು, ಡೀಸೆಲ್ ಖರ್ಚು ಕಳೆದ ಮೇಲೆ ಒಡೆಯನಿಗೆ ಎಷ್ಟು ಪಾಲು, ದುಡಿದವರಿಗೆ ಎಷ್ಟು ಎಂದು ಬರೆಯಿರಿ.